ಎಲ್ಲಿ ನೋವು ಅಂತ ನಾವು ಕೇಳಲೇ ಇಲ್ಲ

ಕಳೆದ ವರ್ಷ ಏಪ್ರಿಲ್ ಕೊನೆಯಲ್ಲಿ ಪತ್ರಿಕೆಗೆ ಒಂದು ಸುದ್ದಿ ಕಳಿಸಿದ್ದೆವು. ‘ನೋವಿಗೂ ಜಗ್ಗದ ಹುಡುಗ, ಕೊನೇ ಗಳಿಗೆಯ ಗೋಲಿಗೆ ಒಲಿದ ಕಪ್’. ಶೀರ್ಷಿಕೆ ಡೆಸ್ಕಿನವರದ್ದಲ್ಲ, ನಮ್ಮದೇ. ಜಿಲ್ಲಾ ಪುಟದಲ್ಲಿ ಫೋಟೊ ಸಮೇತ ಎರಡು ಕಾಲಂ ಬಂತು. ನಮ್ಮಂಥ ಬಿಡಿ ವರದಿಗಾರರಿಗೆ ಎರಡು ಕಾಲಂ ಅಂದರೆ ಹಬ್ಬ. ಹುಡುಗನ ಅಪ್ಪ ಆ ಕಟಿಂಗನ್ನು ಲ್ಯಾಮಿನೇಷನ್ ಮಾಡಿಸಿ ಲೈನ್ ಮನೆಯ ಗೋಡೆಗೆ, ದೇವರ ಫೋಟೊದ ಪಕ್ಕ ಮೊಳೆ ಹೊಡೆದು ಹಾಕಿದರು.

ಆ ಕಟಿಂಗ್ ಬಗ್ಗೆ ಈಗ ನಮಗೆ ನಾಚಿಕೆ ಇದೆ. ಅದಕ್ಕೇ ಈ ಬರಹ.

ಕೊಡಗು ಅಂದರೆ ಹಾಕಿ ಅಂತ ಹೊರಗಿನವರಿಗೆ ಗೊತ್ತು. 1997ರಿಂದ ನಡೆಯುತ್ತಿರುವ ಕೊಡವ ಕೌಟುಂಬಿಕ ಹಾಕಿ ಉತ್ಸವದ ಸುದ್ದಿ ರಾಜ್ಯಮಟ್ಟದ ಪುಟಕ್ಕೂ ಹೋಗುತ್ತದೆ. ಆದರೆ ತೋಟದ ಲೈನ್ ಮನೆಗಳ ಮಕ್ಕಳು, ಪೈಸಾರಿಯಲ್ಲಿ ಮನೆ ಕಟ್ಟಿಕೊಂಡವರ ಮಕ್ಕಳು ಆಡುವುದು ಫುಟ್ಬಾಲ್. ಹಾಕಿ ಸ್ಟಿಕ್ಕಿಗೆ ದುಡ್ಡು ಬೇಕು. ಚೆಂಡು ಒಂದಿದ್ದರೆ ಇಪ್ಪತ್ತು ಜನ ಆಡಬಹುದು. ಸುಂಟಿಕೊಪ್ಪದ ಗೋಲ್ಡ್ ಕಪ್ ನೋಡಿದವರಿಗೆ ಇಲ್ಲಿನ ಫುಟ್ಬಾಲ್ ಹುಚ್ಚು ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಪಕ್ಕದಲ್ಲೇ ಕೇರಳ. ಅಲ್ಲಿನ ಸೆವೆನ್ಸ್ ಆಟದ ಗಾಳಿ ನಮ್ಮ ಕಡೆಗೂ ಬೀಸಿದೆ. ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವವರೆಗಿನ ಬಿಡುವಿನಲ್ಲಿ ಊರೂರಲ್ಲಿ ಟೂರ್ನಿ. ಹಗಲು ಏಳು ಜನರ ಆಟ, ರಾತ್ರಿ ಲೈಟ್ ಹಾಕಿ ಐದು ಜನರ ಆಟ.

ಹುಡುಗನಿಗೆ ಆಗ 15. ಒಂಬತ್ತು ಮುಗಿಸಿ ಹತ್ತನೇ ಕ್ಲಾಸಿಗೆ ಕಾಲಿಡುವವನು. ಹೆಸರು ಬರೆಯುವುದಿಲ್ಲ. ಅವನೇ ಕೇಳಿಕೊಂಡದ್ದು, ಕಾರಣ ಮುಂದೆ ಗೊತ್ತಾಗುತ್ತದೆ. ಎಡಗಾಲಿನ ಆಟಗಾರ. ಎಡಬದಿಯಲ್ಲಿ ಓಡಿಬಂದು ಒಳಕ್ಕೆ ತಿರುಗಿ ಹೊಡೆದರೆ ಗೋಲಿ ಕೈಯೆತ್ತುವುದರೊಳಗೆ ಬಲೆ ಅಲುಗಾಡುತ್ತಿರುತ್ತದೆ.

ಫೈನಲ್ ದಿನ ಅವನು ಕುಂಟುತ್ತಿದ್ದ. ನಾವು ಕಣ್ಣಾರೆ ಕಂಡಿದ್ದೇವೆ. ತೊಡೆಗೆ ಮೊಣಕಾಲಿನಿಂದ ಮೇಲಿನವರೆಗೆ ಬಟ್ಟೆ ಸುತ್ತಿದ್ದರು. ಅರ್ಧ ಆಟ ಮುಗಿದಾಗ ಯಾರೋ ಚಡ್ಡಿಯ ಮೇಲಿಂದಲೇ ಸ್ಪ್ರೇ ಹೊಡೆದರು. ‘ಏನಾಗಿದೆ?’ ಅಂತ ಕೇಳಿದೆವು. ‘ಕಾಲು ನೋವು ಅಣ್ಣ, ಪರವಾಗಿಲ್ಲ’ ಅಂದ. ‘ಯಾವಾಗಿಂದ?’ ‘ಹದಿನೈದು ದಿನ ಆಯ್ತು.’ ಬರೆದುಕೊಂಡೆವು. ಯಾರು, ಏನು, ಯಾವಾಗ, ಎಲ್ಲಿ, ಏಕೆ ಅಂತ ಡಿಪ್ಲೊಮಾದಲ್ಲಿ ಮೊದಲ ವಾರವೇ ಹೇಳಿಕೊಟ್ಟಿದ್ದರು. ನಾವು ‘ಎಲ್ಲಿ’ ಕೇಳಲಿಲ್ಲ. ಕಾಲು ಅಂದರೆ ಕಾಲು, ಇನ್ನೆಲ್ಲಿ ಅಂದುಕೊಂಡೆವು.

ಮೇ ಎರಡನೇ ವಾರ ಸಂತೆ ದಿನ ಅವನು ಜೀಪ್ ಹತ್ತುತ್ತಿದ್ದುದನ್ನು ಕಂಡೆವು. ಎಡಗಾಲಿನ ಪ್ಯಾಂಟನ್ನು ಮಂಡಿಯ ಹತ್ತಿರ ಕೈಯಲ್ಲಿ ಹಿಡಿದು, ಕಾಲನ್ನು ಸಾಮಾನು ಎತ್ತಿಡುವ ಹಾಗೆ ಎತ್ತಿ ಒಳಗಿಟ್ಟ. ಪಕ್ಕದವರು ಏನೋ ತಮಾಷೆ ಮಾಡಿದರು. ನಗಲು ಹೋಗಿ ಮುಖ ಕಿವುಚಿ ಹೊಟ್ಟೆಯ ಕೆಳಗೆ ಕೈ ಒತ್ತಿಕೊಂಡ.

ಆಗ ನಮಗೆ ಗೊತ್ತಾಯಿತು, ಅದು ಕಾಲು ನೋವಲ್ಲ.

ಸಂಜೆ ಮೈದಾನದ ಕಟ್ಟೆಯ ಮೇಲೆ ಅವನೊಬ್ಬನನ್ನೇ ಕೂರಿಸಿಕೊಂಡು ಕೇಳಿದೆವು. ಕಾಲು ಗಂಟೆ ಸುಮ್ಮನಿದ್ದ. ಆಮೇಲೆ ನೆಲ ನೋಡಿಕೊಂಡು, ‘ಇಲ್ಲಿ ಅಣ್ಣ’ ಅಂದ. ಕೈ ಮಾತ್ರ ಎಲ್ಲೂ ತೋರಿಸಲಿಲ್ಲ. ತೊಡೆಸಂದು. ತೊಡೆಯ ಒಳಬದಿ ಹೊಟ್ಟೆಯ ಕೆಳಭಾಗಕ್ಕೆ ಸೇರುವ ಜಾಗ. ಕೆಮ್ಮಿದರೆ ನೋವು, ಸೀನಿದರೆ ನೋವು, ಬೆಳಿಗ್ಗೆ ಮಗ್ಗುಲು ಬದಲಿಸಿ ಏಳುವಾಗ ಎರಡು ಮಂಡಿ ಸೇರಿಸಿಕೊಂಡೇ ಏಳಬೇಕು. ಓಡುವಾಗ ಅಷ್ಟಿಲ್ಲ, ತಿರುಗುವಾಗ ಮತ್ತು ಚೆಂಡು ಹೊಡೆಯುವಾಗ ಚೂರಿ ಹಾಕಿದ ಹಾಗೆ.

‘ಅಮ್ಮನಿಗೆ ಹೇಳಿದ್ಯಾ?’

‘ಅಯ್ಯೋ, ಹೆಂಗೆ ಹೇಳೋದು ಅಣ್ಣ.’

ಮೊಣಕಾಲು ಉಳುಕಿದರೆ ಹುಡುಗರು ಊರಿಗೆಲ್ಲ ತೋರಿಸುತ್ತಾರೆ. ಹಿಮ್ಮಡಿ ನೋವಾದರೆ ಬ್ಯಾಂಡೇಜ್ ಕಟ್ಟಿಕೊಂಡು ಮೆರೆಯುತ್ತಾರೆ. ಇದು ಹಾಗಲ್ಲ. ಜಾಗದ ಹೆಸರು ಹೇಳಿದರೆ ಗೆಳೆಯರು ನಗುತ್ತಾರೆ, ಮನೆಯಲ್ಲಿ ಬೇರೇನೋ ತಿಳಿಯುತ್ತಾರೆ. ಅವನ ಟೀಮಿನಲ್ಲೇ ಇಬ್ಬರಿಗೆ ಇಂಥದ್ದೇ ನೋವಿತ್ತೆಂದು ನಮಗೆ ಗೊತ್ತಾದದ್ದು ಮೂರು ತಿಂಗಳ ಮೇಲೆ. ಒಂದೇ ಬೆಂಚಿನಲ್ಲಿ ಕೂತು ಬೂಟು ಕಟ್ಟುವವರು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಅವತ್ತು ಕಟ್ಟೆಯ ಮೇಲೆ ಕೂತೇ ನಮ್ಮ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆವು. ಏಪ್ರಿಲ್ ಮೂರನೇ ವಾರ ಎಷ್ಟು ಆಡಿದ್ದೆ ಅಂತ ಕೇಳಿದರೆ ಅವನಿಗೇ ಸರಿಯಾಗಿ ಗೊತ್ತಿಲ್ಲ. ಕೆದಕಿ ಕೆದಕಿ ಬರೆದದ್ದು ಇದು. ಊರ ಕ್ಲಬ್ಬಿನ ಪ್ರಾಕ್ಟೀಸ್ ಬೆಳಿಗ್ಗೆ ಒಂದೂಕಾಲು ಗಂಟೆ, ವಾರಕ್ಕೆ 6 ದಿನ. ಟೂರ್ನಿಯ ಮ್ಯಾಚ್ 4, ಅದರಲ್ಲಿ ಭಾನುವಾರ ಒಂದೇ ದಿನ 2. ರಾತ್ರಿ ಐದು ಜನರ ಆಟ 3 ದಿನ. ಈ ರಾತ್ರಿ ಆಟದಲ್ಲಿ ಅವನು ನಮ್ಮೂರ ಟೀಮಿಗೂ ಅಲ್ಲ, ಬೇರೆ ಎರಡು ಊರಿನವರಿಗೆ ‘ಅತಿಥಿ ಆಟಗಾರ’. ಒಂದು ರಾತ್ರಿಗೆ ಮುನ್ನೂರು ರೂಪಾಯಿ ಮತ್ತು ಬಿರಿಯಾನಿ. ಒಟ್ಟು ಹದಿಮೂರೂವರೆ ಗಂಟೆ.

ಫೆಬ್ರವರಿಯಲ್ಲಿ? ಸ್ಕೂಲಿನ ಪ್ರಾಕ್ಟೀಸ್ 4 ದಿನ ಒಂದೊಂದು ಗಂಟೆ, ಭಾನುವಾರ ಒಂದು ಮ್ಯಾಚ್. ಒಟ್ಟು 5 ಗಂಟೆ.

ಇನ್ನು ಶನಿವಾರ ಅಪ್ಪನ ಜೊತೆ ಕರಿಮೆಣಸು ಕೊಯ್ಯಲು ಏಣಿ ಹತ್ತಿದ್ದು ಈ ಲೆಕ್ಕದಲ್ಲಿಲ್ಲ. ಅದನ್ನು ಆಟ ಅಂತ ಯಾರೂ ಅನ್ನುವುದಿಲ್ಲ. ಆದರೆ ತೊಡೆಗೆ ಅದು ಗೊತ್ತಾಗುತ್ತದೆಯೇ?

ಮರುದಿನದಿಂದ ಒಬ್ಬೊಬ್ಬರನ್ನೇ ಮಾತಾಡಿಸಿದೆವು. ಕ್ಲಬ್ಬಿನ ಕೋಚ್ ತೋಟವೊಂದರಲ್ಲಿ ರೈಟರ್, ತಾನೂ ಒಂದು ಕಾಲದ ಒಳ್ಳೆ ಆಟಗಾರ, ಒಂದು ಪೈಸೆ ತಗೊಳ್ಳದೆ ಮಕ್ಕಳಿಗೆ ಹೇಳಿಕೊಡುವವರು. ‘ನನ್ನ ಹತ್ರ ಒಂದೂಕಾಲು ಗಂಟೆ ಅಷ್ಟೇ ರೀ. ಅದರಲ್ಲಿ ಏನಾಗುತ್ತೆ?’ ಅಂದರು. ನಿಜ. ಸ್ಕೂಲಿನ ಪಿ.ಟಿ. ಮೇಷ್ಟ್ರು, ‘ಏಪ್ರಿಲ್‌ನಲ್ಲಿ ಸ್ಕೂಲೇ ಇಲ್ವಲ್ಲ’ ಅಂದರು. ಅದೂ ನಿಜ. ರಾತ್ರಿ ಆಡಿಸಿದವರು, ‘ನಾವೇನು ಎಳ್ಕೊಂಡು ಬಂದ್ವಾ? ಅವನೇ ಫೋನ್ ಮಾಡಿ ಬಂದ’ ಅಂದರು. ಅದೂ ಸುಳ್ಳಲ್ಲ. ಅಪ್ಪನಿಗೆ ಮಗ ಚೆಂಡಿನ ಹಿಂದೆ ಇದ್ದರೆ ಬೇರೆ ಚಟಕ್ಕೆ ಬೀಳುವುದಿಲ್ಲ ಎಂಬ ನೆಮ್ಮದಿ. ಎಲ್ಲರ ಹತ್ತಿರವೂ ಅವರವರ ತುಂಡು ಲೆಕ್ಕ ಇತ್ತು. ಕೂಡಿಸಿದ ಲೆಕ್ಕ ಇದ್ದದ್ದು ಹುಡುಗನ ತೊಡೆಸಂದಿಯಲ್ಲಿ ಮಾತ್ರ.

ಅಮೆರಿಕದ ಕಾರ್ಲ್ ಫಾಸ್ಟರ್ ಎಂಬ ವಿಜ್ಞಾನಿ ಆಟಗಾರರ ದಣಿವು ಅಳೆಯಲು ಒಂದು ಸುಲಭ ದಾರಿ ಹೇಳಿಕೊಟ್ಟಿದ್ದಾರೆ. ಮಿಷನ್ ಬೇಡ, ವಾಚ್ ಇದ್ದರೆ ಸಾಕು. ಆಟ ಮುಗಿದ ಮೇಲೆ ಅರ್ಧ ಗಂಟೆ ಬಿಟ್ಟು ಹುಡುಗನನ್ನು ಕೇಳಬೇಕು: ಎಷ್ಟು ಸುಸ್ತಾಯಿತು, 10ಕ್ಕೆ ಎಷ್ಟು ಕೊಡ್ತೀಯ? ಆ ಅಂಕಿಯನ್ನು ಆಡಿದ ನಿಮಿಷದಿಂದ ಗುಣಿಸಿದರೆ ಆ ಹೊತ್ತಿನ ಹೊರೆ ಸಿಗುತ್ತದೆ. 60 ನಿಮಿಷದ ಪ್ರಾಕ್ಟೀಸಿಗೆ 5 ಕೊಟ್ಟರೆ 300. ಅಷ್ಟೇ ನಿಮಿಷದ ಜಿದ್ದಾಜಿದ್ದಿ ಮ್ಯಾಚಿಗೆ 8 ಕೊಟ್ಟರೆ 480. ನಮ್ಮ ಹುಡುಗನ ಫೆಬ್ರವರಿ ವಾರಕ್ಕೆ ಬಂದದ್ದು 1620. ಏಪ್ರಿಲ್ ವಾರಕ್ಕೆ 5130. ಮೂರು ಪಟ್ಟಿಗೂ ಮೇಲೆ.

ಇನ್ನೊಂದು ಮಾತು ನೀವು ಕೇಳಿರಬಹುದು. ಮಗುವಿನ ವಯಸ್ಸು ಎಷ್ಟೋ, ವಾರಕ್ಕೆ ಅದಕ್ಕಿಂತ ಹೆಚ್ಚು ಗಂಟೆ ಒಂದು ಶಿಸ್ತಿನ ತರಬೇತಿ, ಮ್ಯಾಚ್ ಬೇಡ ಅನ್ನುವುದು. ಹಾಗೆ ಮೀರಿ ಆಡಿದ ಮಕ್ಕಳಲ್ಲಿ ಅತಿ ಆಟದಿಂದಾಗುವ ಗಾಯಗಳು ಹೆಚ್ಚು ಎಂದು ಅಮೆರಿಕದ ಅಧ್ಯಯನಗಳಲ್ಲಿ ಕಂಡಿದೆ. ಒಳ್ಳೆಯ ಗೆರೆಯೇ. ಆದರೆ ಈ ಹುಡುಗ ಆ ಪರೀಕ್ಷೆಯಲ್ಲಿ ಪಾಸ್! ವಯಸ್ಸು 15, ಆಟ ಹದಿಮೂರೂವರೆ ಗಂಟೆ. ಅವನಿಗೆ ಹೊಡೆತ ಕೊಟ್ಟದ್ದು ಗಂಟೆಯಲ್ಲ, ಐದರಿಂದ ಹದಿಮೂರೂವರೆಗೆ ಒಂದೇ ನೆಗೆತಕ್ಕೆ ಹಾರಿದ್ದು. ವಾರದಿಂದ ವಾರಕ್ಕೆ ಎಷ್ಟು ಏರಿದರೆ ಅಪಾಯ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಜಗಳವಿದೆ, ಒಂದು ಮಂತ್ರದ ಅಂಕಿ ಅಂತ ಇಲ್ಲ. ಮೂರು ಪಟ್ಟು ಜಾಸ್ತಿ ಅನ್ನುವುದಕ್ಕೆ ಮಾತ್ರ ವಿಜ್ಞಾನಿ ಬೇಕಿಲ್ಲ. ಹೊಸ ಎತ್ತಿಗೆ ಮೊದಲ ದಿನವೇ ಇಡೀ ಗದ್ದೆ ಉಳಿಸುವವರು ನಮ್ಮಲ್ಲಿ ಯಾರಿದ್ದಾರೆ?

ಆ ಜಾಗವೇ ಯಾಕೆ ಅಂತ ನಮಗೆ ತಿಳಿಯಹೇಳಿದ್ದು ಮೈಸೂರಿನ ಒಬ್ಬ ಫಿಸಿಯೊಥೆರಪಿಸ್ಟ್. ಅಲ್ಲಿಗೆ ಹೋಗುವ ಮೊದಲು ನಾವು ಸುತ್ತಿದ್ದು ಬೇರೆ ಕಥೆ. ಉಳುಕು ತೆಗೆಯುವ ಅಜ್ಜ ಎಣ್ಣೆ ಹಚ್ಚಿ ಎಳೆದರು. ಒಂದು ಕ್ಲಿನಿಕ್ಕಿನಲ್ಲಿ ಪ್ಯಾಂಟಿನ ಮೇಲಿಂದಲೇ ಮುಟ್ಟಿ ನೋಡಿ, ‘ಹರ್ನಿಯಾ ಇರಬಹುದು, ಆಪರೇಷನ್ ಆಗಬೇಕಾಗುತ್ತೆ’ ಅಂದುಬಿಟ್ಟರು. ಆ ಮಾತು ಲೈನ್ ಮನೆಗಳಲ್ಲಿ ಹಬ್ಬಲು ಒಂದು ರಾತ್ರಿ ಸಾಕಾಯಿತು. ಹುಡುಗನ ತಾಯಿ ನಮ್ಮ ಮನೆ ಬಾಗಿಲಿಗೆ ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ‘ಮುಂದೆ ಅವನಿಗೆ ಮಕ್ಕಳಾಗೋದಿಲ್ವಂತೆ, ಹೌದಾ ಸಾರ್?’ ಅಂತ ಕೇಳಿದರು. ನಾವು ಇಲ್ಲಮ್ಮ ಅಂದೆವು, ಆದರೆ ಆ ಹೊತ್ತಿಗೆ ನಮಗೂ ಏನೂ ಗೊತ್ತಿರಲಿಲ್ಲ. ಹೆಸರು ಬರೆಯಬೇಡಿ ಅಂತ ಹುಡುಗ ಕೇಳಿಕೊಂಡದ್ದು ಇದಕ್ಕೇ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಪರದೆ ಎಳೆದು ಸರಿಯಾಗಿ ಪರೀಕ್ಷೆ ಮಾಡಿ, ಸೊಂಟದ ಕೀಲಿಗೆ ಎಕ್ಸ್‌ರೇ ತೆಗೆಸಿ, ಹರ್ನಿಯಾ ಇಲ್ಲ, ಮೂಳೆಯೂ ಸರಿಯಿದೆ ಅಂದರು. ಮೈಸೂರಿಗೆ ಹೋಗಿ ಅಂತ ಚೀಟಿ ಬರೆದುಕೊಟ್ಟವರೂ ಅವರೇ.

ಫಿಸಿಯೊ ಮೇಡಂ ಗೋಡೆಯ ಮೇಲಿನ ಅಸ್ಥಿಪಂಜರ ತೋರಿಸಿ ಹೇಳಿದರು. ಸೊಂಟದ ಎರಡು ಮೂಳೆಗಳು ಮುಂಭಾಗದಲ್ಲಿ, ಹೊಟ್ಟೆಯ ತೀರ ಕೆಳಗೆ, ಒಂದಕ್ಕೊಂದು ಕೂಡುತ್ತವೆ. ಮೇಲಿನಿಂದ ಹೊಟ್ಟೆಯ ಸ್ನಾಯು ಅಲ್ಲಿಗೇ ಬಂದು ಅಂಟಿದೆ, ಕೆಳಗಿನಿಂದ ತೊಡೆಯ ಒಳಬದಿಯ ಸ್ನಾಯುಗಳೂ ಅಲ್ಲಿಗೇ. ಚೆಂಡು ಒದೆಯಲು ಕಾಲು ಹಿಂದಕ್ಕೆ ಹೋಗಿ ಅಡ್ಡಲಾಗಿ ಮುಂದಕ್ಕೆ ಬರುವಾಗ, ಓಡುತ್ತಾ ಗಕ್ಕನೆ ತಿರುಗುವಾಗ, ಎರಡೂ ಕಡೆಯಿಂದ ಹಗ್ಗಜಗ್ಗಾಟ. ನಡುವೆ ಸಿಕ್ಕುವುದು ಆ ಮೂಳೆ. ಸಣ್ಣ ಮೈದಾನದ ಐದು ಜನರ ಆಟದಲ್ಲಿ ತಿರುಗುವುದು ಇನ್ನೂ ಜಾಸ್ತಿ. ದೊಡ್ಡವರಿಗಾದರೆ ಸ್ನಾಯುವಿನ ತುದಿ ನೋಯುತ್ತದೆ. ಹದಿನಾಲ್ಕು ಹದಿನೈದರ ಮಕ್ಕಳಿಗೆ ಇನ್ನೊಂದು ತೊಡಕು: ಸೊಂಟದ ಮೂಳೆಯ ಅಂಚುಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ದೇಹದಲ್ಲಿ ತಡವಾಗಿ ಬಲಿಯುವ ಮೂಳೆಗಳಲ್ಲಿ ಇವೂ ಸೇರಿವೆ. ಹುಡುಗ ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದು, ಕಾಲು ಉದ್ದವಾಗಿ, ಒದೆತದ ಜೋರು ಹೆಚ್ಚಿದಾಗ, ಎಳೆತ ದೊಡ್ಡವರದ್ದು, ಮೂಳೆ ಮಾತ್ರ ಮಗುವಿನದ್ದು.

ತೊಡೆಸಂದಿಯ ನೋವು ಒಂದೇ ಬಗೆಯದ್ದಲ್ಲವಂತೆ. 2014ರಲ್ಲಿ ಕತಾರಿನ ದೋಹಾದಲ್ಲಿ 14 ದೇಶಗಳ 24 ತಜ್ಞರು ಕೂತು ಈ ನೋವಿಗೆ ಏನೇನು ಹೆಸರಿಡಬೇಕು ಅಂತ ಒಪ್ಪಂದಕ್ಕೆ ಬರಬೇಕಾಯಿತು, ಅಷ್ಟು ಗೊಂದಲ ಇತ್ತು. ಒಳತೊಡೆಯ ಸ್ನಾಯುವಿನದ್ದು, ಸೊಂಟದ ಮುಂದಿನ ಸ್ನಾಯುವಿನದ್ದು, ಹರ್ನಿಯಾ ಬರುವ ದಾರಿಯದ್ದು, ಮುಂದಿನ ಮೂಳೆಯದ್ದು, ಸೊಂಟದ ಕೀಲಿನದ್ದು ಹೀಗೆ. ಡಾಕ್ಟರುಗಳಿಗೇ ಹೆಸರಿಡಲು ಕಷ್ಟವಾದ ನೋವನ್ನು ನಮ್ಮ ಹುಡುಗ ‘ಕಾಲು ನೋವು’ ಅಂದದ್ದರಲ್ಲಿ ತಪ್ಪೇನು? ಅವನದ್ದು ಒಳತೊಡೆಯ ಸ್ನಾಯುವಿನ ನೋವು, ಜೊತೆಗೆ ಮೂಳೆಯ ಹತ್ತಿರವೂ ಸ್ವಲ್ಪ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ತಂದೆತಾಯಂದಿರು ದಯವಿಟ್ಟು ಓದಿ. ಹುಡುಗನಿಗೆ ಇದ್ದಕ್ಕಿದ್ದಂತೆ ಬೀಜದಲ್ಲಿ ಅಥವಾ ಹೊಟ್ಟೆಯ ಕೆಳಗೆ ತಡೆಯಲಾರದ ನೋವು ಬಂದು ವಾಂತಿ ಬಂದ ಹಾಗಾದರೆ, ಅದು ಆಟದ ನೋವು ಅಂತ ಎಣ್ಣೆ ಹಚ್ಚುತ್ತಾ ಕೂರಬಾರದು. ಒಳಗೆ ಬೀಜ ತಿರುಚಿಕೊಂಡು ರಕ್ತ ನಿಂತಿರಬಹುದು. 6 ಗಂಟೆಯೊಳಗೆ ಆಪರೇಷನ್ ಆದರೆ ಉಳಿಯುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಕಡಿಮೆ. ನಮ್ಮ ಕಡೆ ರಾತ್ರಿ ಗಾಡಿ ಸಿಕ್ಕಿ ಆಸ್ಪತ್ರೆ ಸೇರುವುದಕ್ಕೇ ಎರಡು ಗಂಟೆ ಬೇಕು. ನಾಚಿಕೆಗೆ ಕಳೆಯಲು ಅದರಲ್ಲಿ ಹೊತ್ತು ಉಳಿಯುವುದಿಲ್ಲ. ಚೆಂಡು ಒದ್ದ ಕ್ಷಣ ಸೊಂಟದ ಹತ್ತಿರ ಫಟ್ ಅಂದು ಕಾಲೂರಲು ಆಗದಿದ್ದರೆ ಮೂಳೆಯ ಚೂರು ಕಿತ್ತಿರಬಹುದು, ಎಕ್ಸ್‌ರೇ ಬೇಕು. ಬೆಳೆಯುವ ಮಕ್ಕಳು ಕುಂಟುತ್ತಾ, ಪಾದ ಹೊರಕ್ಕೆ ತಿರುಗಿಸಿ ನಡೆಯುತ್ತಾ, ಮೊಣಕಾಲು ನೋವು ಅಂತ ಹೇಳಿದರೂ ಸೊಂಟದ ಕೀಲನ್ನು ತೋರಿಸಬೇಕು. ತೊಡೆಯ ಮೂಳೆಯ ತಲೆ ಜಾರಿದಾಗ ನೋವು ಮೊಣಕಾಲಿನಲ್ಲಿ ಕಾಣಿಸಿಕೊಳ್ಳುವುದುಂಟು.

ಸರಿ, ನಮ್ಮ ಹುಡುಗನ ಮಾತಿಗೆ ಬರೋಣ. ಮೇ ತಿಂಗಳು ಪೂರ್ತಿ ಅವನು ಆಡಿರಲಿಲ್ಲ. ನೋವು ಹೋಯಿತು ಅಂತ ಸ್ಕೂಲ್ ಶುರುವಾದ ವಾರ ಮೈದಾನಕ್ಕಿಳಿದ. ನಾಲ್ಕನೇ ಒದೆತಕ್ಕೆ ಕೂತುಬಿಟ್ಟ. ‘ರೆಸ್ಟ್ ಮಾಡಿದ್ನಲ್ಲ ಅಣ್ಣ, ಆದ್ರೂ ಯಾಕೆ?’ ಅಂತ ಕಣ್ಣಲ್ಲಿ ನೀರು. ನಾವು ಅದನ್ನೇ ಮೇಡಂಗೆ ಕೇಳಿದೆವು. ಸುಮ್ಮನೆ ಮಲಗಿದರೆ ನೋವು ಹೋಗುತ್ತದೆ, ಸ್ನಾಯುವಿನ ಬಲವೂ ಹೋಗುತ್ತದೆ ಅಂದರು. ಮೊದಲಿದ್ದಷ್ಟೂ ಬಲ ಇಲ್ಲದ ಕಾಲಿಗೆ ಮತ್ತೆ ಅದೇ ಒದೆತ.

ಡೆನ್ಮಾರ್ಕಿನ ಒಂದು ಪ್ರಯೋಗದ ಬಗ್ಗೆ ಅವರು ಹೇಳಿದ್ದನ್ನು ಆಮೇಲೆ ನಾವೂ ಹುಡುಕಿ ಓದಿದೆವು. ಪೀಟರ್ ಹೋಲ್ಮಿಕ್ ಎಂಬ ಡಾಕ್ಟರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ್ದು. ತಿಂಗಳುಗಟ್ಟಲೆ ಇಂಥ ನೋವಿದ್ದ 68 ಆಟಗಾರರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಸಾಜ್, ಲೇಸರ್, ಕರೆಂಟಿನ ಮಿಷನ್, ಸ್ನಾಯು ಎಳೆಯುವುದು. ಇನ್ನೊಂದು ಗುಂಪಿಗೆ ಒಳತೊಡೆ ಮತ್ತು ಹೊಟ್ಟೆಯ ಸ್ನಾಯುಗಳಿಗೆ ಬಲ ಬರಿಸುವ ಕಸರತ್ತು. ಎಂಟರಿಂದ ಹನ್ನೆರಡು ವಾರ. ಕಸರತ್ತಿನ ಗುಂಪಿನಲ್ಲಿ 23 ಮಂದಿ ನೋವಿಲ್ಲದೆ ಹಳೆಯ ಮಟ್ಟದ ಆಟಕ್ಕೆ ಮರಳಿದರು. ಮಸಾಜ್ ಗುಂಪಿನಲ್ಲಿ 4 ಮಂದಿ. ಅವರೆಲ್ಲ ದೊಡ್ಡವರು, ಮಕ್ಕಳಲ್ಲ, ಅದಕ್ಕೆ ಮೇಡಂ ನಮ್ಮ ಹುಡುಗನಿಗೆ ಇನ್ನೂ ನಿಧಾನವಾಗಿ ಶುರು ಮಾಡಿಸಿದರು.

ಶುರುವಿಗೆ ಬೇಕಾದದ್ದು ಒಂದು ಫುಟ್ಬಾಲ್. ಅಂಗಾತ ಮಲಗಿ ಎರಡು ಪಾದಗಳ ನಡುವೆ ಚೆಂಡಿಟ್ಟು ಅದುಮುವುದು, ಆಮೇಲೆ ಮಂಡಿ ಮಡಚಿ ಮಂಡಿಗಳ ನಡುವೆ ಅದುಮುವುದು. ಕೆಲವು ವಾರ ಕಳೆದ ಮೇಲೆ ಜೊತೆಗಾರನ ಕಸರತ್ತು. ಒಂದು ಮಗ್ಗುಲಾಗಿ ಮೊಣಕೈ ಊರಿ ಮಲಗಬೇಕು, ಮೇಲಿನ ಕಾಲನ್ನು ಜೊತೆಗಾರ ತನ್ನ ಸೊಂಟದೆತ್ತರಕ್ಕೆ ಹಿಡಿದಿರುತ್ತಾನೆ, ಕೆಳಗಿನ ಕಾಲನ್ನು ಎತ್ತಿ ಮೇಲಿನ ಕಾಲಿಗೆ ಸೇರಿಸಿ ಇಳಿಸಬೇಕು. ಇದಕ್ಕೆ ಕೋಪನ್‌ಹೇಗನ್ ಕಸರತ್ತು ಅಂತ ಹೆಸರು. ನಾವು ಮಾಡಿ ನೋಡಿದೆವು, ಮೂರನೇ ಸಲಕ್ಕೆ ಉಸಿರು ನಿಂತಿತು. ನಾರ್ವೆಯಲ್ಲಿ 35 ಟೀಮುಗಳಲ್ಲಿ ಅರ್ಧದಷ್ಟಕ್ಕೆ ಈ ಒಂದೇ ಕಸರತ್ತು ಕಲಿಸಿ ಒಂದು ಸೀಸನ್ ನೋಡಿದರಂತೆ. ಅದು 2019ರಲ್ಲಿ ಪ್ರಕಟವಾಯಿತು. ಮಾಡಿದವರಿಗೆ ತೊಡೆಸಂದಿಯ ತೊಂದರೆ ಬರುವ ಅಪಾಯ 41 ಶೇಕಡಾ ಕಡಿಮೆ. ಖರ್ಚು ಸೊನ್ನೆ.

ಮೈಸೂರಿಗೆ ಮೂರು ಸಲ ಹೋದೆವು. ಮಿಕ್ಕದ್ದೆಲ್ಲ ಲೈನ್ ಮನೆಯ ಜಗುಲಿಯ ಮೇಲೆ. ಕಾಲು ಹಿಡಿಯಲು ಮೊದಲು ನಾವು, ಆಮೇಲೆ ಅವನ ತಂಗಿ. ಅವನಮ್ಮ ಒಳಗಿಂದ ಎಣಿಸುತ್ತಿದ್ದರು. ‘ಇವತ್ತು ಒಂದು ಕಮ್ಮಿ ಮಾಡ್ದ’ ಅಂತ ದೂರೂ ಹೇಳುತ್ತಿದ್ದರು.

ಬೇಗ ಆಯಿತು ಅಂತ ಯಾರೂ ತಿಳಿಯಬೇಡಿ. ಹನ್ನೆರಡು ವಾರ ಹಿಡಿಯಿತು. ಅಷ್ಟರಲ್ಲಿ ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟ ಬಂದು ಹೋಯಿತು. ಹತ್ತನೇ ಕ್ಲಾಸಿನ ವರ್ಷ, ಅಲ್ಲಿ ಆಡಿ ಜಿಲ್ಲೆಗೆ ಹೋಗಿದ್ದರೆ ಪಿಯುಸಿ ಸೇರುವಾಗ ಕೈಯಲ್ಲೊಂದು ಸರ್ಟಿಫಿಕೇಟ್ ಇರುತ್ತಿತ್ತು. ತೋಟದ ಕಾರ್ಮಿಕನ ಮಗನಿಗೆ ಆ ಕಾಗದದ ಬೆಲೆ ಏನೆಂದು ಇಲ್ಲಿ ಓದುವವರಿಗೆ ಗೊತ್ತು. ಅದು ಹೋಯಿತು, ಮತ್ತೆ ಬರುವುದಿಲ್ಲ. ಮಳೆಗಾಲದ ಕೆಸರುಗದ್ದೆ ಆಟಕ್ಕೂ ಅವನನ್ನು ಬಿಡಲಿಲ್ಲ. ಕೆಸರಿನಲ್ಲಿ ಕಾಲು ಜಾರಿ ಎರಡು ತೊಡೆ ಎರಡು ದಿಕ್ಕಿಗೆ ಹೋದರೆ ಮುಗಿಯಿತು. ಗದ್ದೆ ಬದಿಯಲ್ಲಿ ನಿಂತು ಶಿಳ್ಳೆ ಹಾಕಿದ, ಮನೆಗೆ ಬಂದು ಯಾರ ಹತ್ತಿರವೂ ಮಾತಾಡಲಿಲ್ಲವಂತೆ.

ಆ ದಿನಗಳಲ್ಲೇ ಒಮ್ಮೆ ನಾವು ಕೇಳಿದೆವು, ಫೈನಲ್‌ನಲ್ಲಿ ಅಷ್ಟು ನೋವಿದ್ದೂ ಯಾಕೆ ಆಡಿದೆ ಅಂತ. ‘ಎಲ್ರೂ ಬಂದಿದ್ರಲ್ಲ ಅಣ್ಣ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಆಮೇಲೆ ರಾತ್ರಿ ಆಟಕ್ಕೆ ಹೋಗದೇ ಇರಬಹುದಿತ್ತು. ಆದ್ರೆ ಪೇಪರಲ್ಲಿ ಹಾಕಿಬಿಟ್ಟಿದ್ರಲ್ಲ, ನೋವಿಗೂ ಜಗ್ಗಲ್ಲ ಅಂತ. ಕರೆದವರೆಲ್ಲ ಅದನ್ನೇ ಹೇಳಿ ಕರೀತಿದ್ರು.’

ಅವನು ದೂರುವ ಹಾಗೆ ಹೇಳಲಿಲ್ಲ. ಕೇಳಿದ್ದಕ್ಕೆ ಹೇಳಿದ, ಅಷ್ಟೇ. ಫೈನಲ್ ಮುಗಿದ ಮೇಲೂ ಅವನು ನಾಲ್ಕು ರಾತ್ರಿ ಆಡಿದ್ದ ಎಂದು ನಮಗೆ ಗೊತ್ತಾದದ್ದೇ ಆಗ. ಹತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇವೆ. ಜ್ವರದಲ್ಲೂ ಓಡಿದ, ಬ್ಯಾಂಡೇಜ್ ಕಟ್ಟಿ ಆಡಿದ, ರಕ್ತ ಸುರಿದರೂ ಮೈದಾನ ಬಿಡಲಿಲ್ಲ ಅಂತ ಎಷ್ಟು ಸಲ ಬರೆದಿದ್ದೇವೋ. ಡೆಸ್ಕಿನವರಿಗೂ ಅದು ಇಷ್ಟ, ಓದುವವರಿಗೂ ಇಷ್ಟ. ಓದಿದ ಮೇಲೆ ಆ ಮಕ್ಕಳು ಏನಾದರು ಅಂತ ಒಂದೇ ಒಂದು ಸಲವೂ ಹಿಂದೆ ಹೋಗಿ ನೋಡಿರಲಿಲ್ಲ.

ಹುಡುಗಿಯರ ಪಾಡು ಇನ್ನೂ ಕಷ್ಟ. ನಮ್ಮ ಪಕ್ಕದ ಹೈಸ್ಕೂಲಿನಲ್ಲಿ ಹುಡುಗಿಯರ ಟೀಮಿದೆ, ಹೇಳಿಕೊಡುವವರು ಗಂಡಸರು. ತೊಡೆಸಂದು ನೋವು ಅಂತ ಅವರು ಯಾರ ಬಳಿ ಹೇಳಬೇಕು? ‘ಹೊಟ್ಟೆನೋವು ಸರ್’ ಅಂತ ಹೇಳಿ ಕೂರುತ್ತಾರೆ, ಮುಟ್ಟಿನ ಹೊಟ್ಟೆನೋವು ಅಂದುಕೊಂಡು ಮೇಷ್ಟ್ರು ಮುಂದೆ ಕೇಳುವುದಿಲ್ಲ. ಈಗ ಅಲ್ಲಿನ ಬಿಸಿಯೂಟದ ಅಕ್ಕ ಒಬ್ಬರು ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ಬಂದು ಒಬ್ಬೊಬ್ಬರನ್ನೇ ಕೇಳಿ ಚೀಟಿಯಲ್ಲಿ ಬರೆದಿಡುತ್ತಾರೆ. ಯಾರೂ ಆದೇಶ ಮಾಡಿದ್ದಲ್ಲ.

ನಮ್ಮ ಕ್ಲಬ್ಬಿನ ರೈಟರ್ ಕೋಚ್ ಕೂಡ ಬದಲಾದರು, ಒಪ್ಪಿದ್ದು ಮಾತ್ರ ಗೊಣಗಿಕೊಂಡೇ. ತೋಟದಲ್ಲಿ ಹಾಜರಿ ಬರೆಯುವ ಅದೇ ಉದ್ದನೆಯ ಪುಸ್ತಕದಲ್ಲಿ ಈಗ ಹುಡುಗರ ನಿಮಿಷ ಮತ್ತು ಸುಸ್ತಿನ ಅಂಕಿ ಬರೆಯುತ್ತಾರೆ. ‘ಬೇರೆ ಕಡೆ ಆಡಿದ್ದು’ ಅಂತ ಒಂದು ಕಾಲಂ, ‘ಮನೆ ಕೆಲಸ’ ಅಂತ ಇನ್ನೊಂದು. ಮೊದಮೊದಲು ಹುಡುಗರು ರಾತ್ರಿ ಆಟ ಮುಚ್ಚಿಟ್ಟರು. ಬೈಯುವುದಿಲ್ಲ ಅಂತ ಖಾತ್ರಿಯಾದ ಮೇಲೆ ಹೇಳತೊಡಗಿದರು. ವಾರಕ್ಕೊಮ್ಮೆ ಒಂದು ಚಿಕ್ಕ ಪರೀಕ್ಷೆಯೂ ಇದೆ. ಹುಡುಗ ಅಂಗಾತ ಕಾಲು ಚಾಚಿ ಮಲಗುತ್ತಾನೆ, ಹಿಮ್ಮಡಿಗಂಟುಗಳ ನಡುವೆ ಕೋಚ್ ತನ್ನ ಮುಂಗೈ ಇಡುತ್ತಾರೆ, ಹುಡುಗ ಪೂರ್ತಿ ಬಲ ಹಾಕಿ 5 ಸೆಕೆಂಡ್ ಅದುಮಬೇಕು. ತೊಡೆಸಂದಿಯ ನೋವು 10ಕ್ಕೆ ಎಷ್ಟು? 2ರವರೆಗೆ ಹಸಿರು, ಆಡಬಹುದು. 3ರಿಂದ 5 ಹಳದಿ, ಆಟ ಇಳಿಸಿ ಗಮನ ಇಡಬೇಕು. 6 ಅಥವಾ ಅದಕ್ಕಿಂತ ಹೆಚ್ಚಾದರೆ ಕೆಂಪು, ಡಾಕ್ಟರ್ ನೋಡಬೇಕು. ಇದೂ ಡೆನ್ಮಾರ್ಕಿನವರ ಉಪಾಯವೇ. ಈ ಪರೀಕ್ಷೆಯಿಂದ ಇನ್ನೊಂದು ಲಾಭ ಆಯಿತು. ಎಲ್ಲರಿಗೂ ಸಾಲಾಗಿ ಮಾಡುವುದರಿಂದ ಯಾರೂ ಬಾಯಿಬಿಟ್ಟು ಜಾಗದ ಹೆಸರು ಹೇಳಬೇಕಿಲ್ಲ, ಅಂಕಿ ಹೇಳಿದರೆ ಸಾಕು. ಬೆಂಚಿನ ಆ ಇಬ್ಬರು ಸಿಕ್ಕಿಬಿದ್ದದ್ದು ಹೀಗೆಯೇ. ಒಬ್ಬ 4, ಒಬ್ಬ 6.

ಹುಡುಗ ಮತ್ತೆ ಮೈದಾನಕ್ಕಿಳಿದದ್ದು ಸೆಪ್ಟೆಂಬರ್ ಕೊನೆಯಲ್ಲಿ, ಮೊದಲ ವಾರ ಬರೀ ಅರ್ಧ ಗಂಟೆಯ ಓಟ. ಆಮೇಲೆ ಪಾಸ್, ಕೊನೆಗೆ ಜೋರು ಒದೆತ. ಹಿಂದಿನ ವಾರದ ಅಂಕಿ ನೋಡಿಯೇ ಮುಂದಿನ ವಾರದ್ದು. ರಾತ್ರಿ ಆಟ ಬಿಟ್ಟಿದ್ದಾನೆ ಅಂತ ಹೇಳುತ್ತಾನೆ, ಪೂರ್ತಿ ನಂಬಿದ್ದೇವೆ ಅಂತ ನಾವು ಹೇಳುವುದಿಲ್ಲ. ಮುನ್ನೂರು ರೂಪಾಯಿ ಮುನ್ನೂರು ರೂಪಾಯಿಯೇ.

ಡಿಸೆಂಬರಿನಲ್ಲಿ ಪಕ್ಕದ ಊರಿನವರ ಜೊತೆ ಒಂದು ಮ್ಯಾಚ್ ಇತ್ತು. ಬೆಳಿಗ್ಗೆ ಅದುಮಿದಾಗ ಅವನು 3 ಅಂದಿದ್ದ. ಅರ್ಧ ಆಟದವರೆಗೆ ಮಾತ್ರ ಅಂತ ಕೋಚ್ ಮೊದಲೇ ಹೇಳಿದ್ದರು. ಸ್ಕೋರ್ 1-1 ಇರುವಾಗ ಹೊರಗೆ ಕರೆದರು. ಜನ ಕೂಗಿದ್ದೇ ಕೂಗಿದ್ದು. ‘ಏನ್ರೀ ರೈಟರೇ, ಆಟ ಗೊತ್ತಿದ್ಯೇನ್ರೀ?’ ಅಂತ ಯಾರೋ ಕಾಫಿ ಕಣದ ಕಡೆಯಿಂದ ಬೊಬ್ಬೆ ಹೊಡೆದರು. ಹುಡುಗ ಬೆಂಚಿನಲ್ಲಿ ಟವಲ್ ಹೊದ್ದು ಕೂತ. ಮ್ಯಾಚ್ 2-1ರಲ್ಲಿ ಸೋತೆವು.

ಆ ರಾತ್ರಿ ಸುದ್ದಿ ಕಳಿಸುವಾಗ ಒಂದು ಸಾಲು ಸೇರಿಸಿದೆವು: ‘ತೊಡೆಸಂದಿನ ನೋವಿನಿಂದ ಚೇತರಿಸಿಕೊಳ್ಳುತ್ತಿರುವ ಎಡಬದಿಯ ಆಟಗಾರನನ್ನು ಮುನ್ನೆಚ್ಚರಿಕೆಯಾಗಿ ಅರ್ಧ ಆಟದ ನಂತರ ಹೊರಗೆ ಕರೆಯಲಾಯಿತು.’ ಆ ಪದ ಬಳಸಬಹುದಾ ಅಂತ ಮೊದಲು ಅವನನ್ನೇ ಕೇಳಿದ್ದೆವು. ಹೆಸರು ಹಾಕದಿದ್ದರೆ ಹಾಕಿ ಅಣ್ಣ ಅಂದಿದ್ದ. ಬೆಳಿಗ್ಗೆ ಪೇಪರ್ ನೋಡಿದರೆ ನಾಲ್ಕು ಸಾಲಿನ ಸುದ್ದಿ, ಗೆದ್ದವರ ಹೆಸರು, ಸ್ಕೋರು. ನಮ್ಮ ಸಾಲು ಇರಲಿಲ್ಲ. ಫೋನ್ ಮಾಡಿ ಕೇಳಿದೆವು. ಜಾಗ ಇರಲಿಲ್ಲ, ಮತ್ತೆ ಆ ಪದ ಪೇಪರಿನಲ್ಲಿ ಸರಿಕಾಣಲ್ಲ ರೀ, ಅಂದರು ಡೆಸ್ಕಿನವರು.